ಯಾವ ನಾಡಿನ ಹಾಡಿನಿಂದ ಆರಂಭಿಸಬೇಕು? ಭಾರತದ ಜನಪದ ಸಂಗೀತ ಪರಂಪರೆಗಳ ಒಂದು ಹೋಲಿಕೆ

ಭಾರತದ ಜನಪದ ಸಂಗೀತವನ್ನು ಮನಸ್ಸಿಟ್ಟು ಕೇಳಬೇಕು, ಸಾಧ್ಯವಾದರೆ ಯಾವುದಾದರೊಂದು ಪರಂಪರೆಯನ್ನು ಸ್ವಲ್ಪ ಮಟ್ಟಿಗಾದರೂ ಕಲಿಯಬೇಕು ಎಂದು ಬಯಸುವ ಕನ್ನಡಿಗರಿಗೆ ಎದುರಾಗುವ ಮೊದಲ ತೊಡಕು ಆಯ್ಕೆಯದು. ಬಂಗಾಳದ ಬಾವುಲರು, ಥಾರ್ ಮರುಭೂಮಿಯ ಮಾಂಗಣಿಯಾರರು, ಛತ್ತೀಸಗಢದ ಪಂಡವಾನಿ, ಅಸ್ಸಾಮಿನ ಬಿಹು, ಪಂಜಾಬಿನ ಢಾಡಿ, ತಮಿಳುನಾಡಿನ ವಿಲ್ಲುಪ್ಪಾಟ್ಟು, ನಮ್ಮಲ್ಲೇ ಇರುವ ತತ್ವಪದ, ಕಂಸಾಳೆ, ಪಾಡ್ದನ, ಗೀಗೀ ಪದ ಇವೆಲ್ಲವನ್ನೂ ನಾವು ಜನಪದ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವಾದರೂ ಅವುಗಳ ನಡುವಿನ ಅಂತರ ಬಹಳ ದೊಡ್ಡದು. ಇವುಗಳಲ್ಲಿ ಒಂದು ಮನೆತನದ ವೃತ್ತಿ, ಇನ್ನೊಂದು ಗುರುವಿನಿಂದ ಪಡೆಯುವ ಸಾಧನಾಮಾರ್ಗ, ಮತ್ತೊಂದು ನಾಟಿಗದ್ದೆಯ ಕೆಲಸದ ಭಾಗ, ಮಗದೊಂದು ದೈವಾರಾಧನೆಯ ಅಂಗ.

ಹೆಚ್ಚಿನವರು ಒಂದು ದನಿಗೋ ಒಂದು ವಾದ್ಯದ ನಾದಕ್ಕೋ ಮನಸೋತು ಆಯ್ಕೆ ಮಾಡಿಕೊಳ್ಳುತ್ತಾರೆ. ಆ ಮನಸೋಲುವಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕೆಲವು ತಿಂಗಳು ಕಳೆದ ಮೇಲೆ ಆಸಕ್ತಿಯನ್ನು ಹಿಡಿದು ನಿಲ್ಲಿಸಲು ಅದೊಂದೇ ಸಾಲುವುದಿಲ್ಲ. ಆ ಪರಂಪರೆ ಹೊಸದಾಗಿ ಬಂದವರಿಗೆ ಯಾವ ಜಾಗವನ್ನು ಬಿಟ್ಟುಕೊಡುತ್ತದೆ ಎಂಬುದನ್ನು ನೋಡಿ ಆಯ್ದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಕೆಲವು ಹಾಡುಗಳು ನಮ್ಮನ್ನು ಕೇಳುಗರನ್ನಾಗಿ ಮಾತ್ರ ಸ್ವೀಕರಿಸುತ್ತವೆ. ಕೆಲವು ಹಿಮ್ಮೇಳದಲ್ಲಿ ಕೂರಿಸಿಕೊಂಡು ದನಿಗೂಡಿಸಲು ಬಿಡುತ್ತವೆ. ಕೆಲವಕ್ಕೆ ದೀಕ್ಷೆಯೋ ಹುಟ್ಟೋ ಬೇಕು. ಇದರ ಜೊತೆಗೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ. ಹಾಡಿನ ಸೊಗಸಿನಲ್ಲಿ ಮಾತಿನ ಪಾಲೆಷ್ಟು, ನಾದದ ಪಾಲೆಷ್ಟು? ಆ ಹಾಡು ತನ್ನ ಸಂದರ್ಭದಿಂದ, ಅಂದರೆ ಮದುವೆ, ಬಿತ್ತನೆ, ಜಾತ್ರೆ, ಹರಕೆಗಳಿಂದ ಬೇರ್ಪಟ್ಟು ಮನೆಯ ಕೋಣೆಯಲ್ಲೋ ವೇದಿಕೆಯ ಮೇಲೋ ಎಷ್ಟರ ಮಟ್ಟಿಗೆ ಉಳಿಯಬಲ್ಲದು? ಮುಂದಿನ ಹೋಲಿಕೆಗಳೆಲ್ಲ ಈ ಪ್ರಶ್ನೆಗಳ ಸುತ್ತಲೇ ನಡೆಯುತ್ತವೆ.

ಬಾವುಲ ಹಾಡು ಮತ್ತು ತತ್ವಪದ

ಹೊರಗಿನ ಪರಂಪರೆಗಳಲ್ಲಿ ಕನ್ನಡಿಗರನ್ನು ಅತಿ ಬೇಗ ಸೆಳೆಯುವುದು ಬಾವುಲ ಹಾಡು. ಅದಕ್ಕೆ ಕಾರಣವೂ ಇದೆ. ಅದರ ತಿರುಳು ನಮಗೆ ತತ್ವಪದಗಳ ಮೂಲಕ ಆಗಲೇ ಪರಿಚಿತವಾಗಿದೆ. ದೇಹವನ್ನೇ ದೇಗುಲವೆಂದು ತಿಳಿಯುವುದು, ಜಾತಿಮತಗಳ ಗೆರೆಯನ್ನು ಒಪ್ಪದಿರುವುದು, ಗುರುವಿಲ್ಲದೆ ಅರಿವಿಲ್ಲವೆನ್ನುವುದು, ನೇರವಾಗಿ ಹೇಳದೆ ಒಗಟಿನಂಥ ಮಾತಿನಲ್ಲಿ ಹೇಳುವುದು ಎರಡರಲ್ಲೂ ಇವೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಬಾವುಲ ಪರಂಪರೆಯ ಬಹು ದೊಡ್ಡ ಹೆಸರಾದ ಲಾಲನ್ ಫಕೀರರು ತೀರಿಕೊಂಡದ್ದು ಅದರ ಮರುವರ್ಷ, 1890ರಲ್ಲಿ. ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯರಾದ ಮುಸ್ಲಿಂ ಮನೆತನದ ಶರೀಫರೂ, ತನ್ನ ಜಾತಿ ಯಾವುದೆಂಬ ಪ್ರಶ್ನೆಗೆ ಕಡೆಯವರೆಗೂ ಉತ್ತರ ಕೊಡದ ಲಾಲನ್ನರೂ ಒಬ್ಬರನ್ನೊಬ್ಬರು ಅರಿಯದೆಯೇ ಒಂದೇ ಕಾಲದಲ್ಲಿ ಒಂದೇ ಬಗೆಯ ಹಾಡು ಕಟ್ಟುತ್ತಿದ್ದರು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಆದರೆ ಹಾಡಿಕೆಯ ರೀತಿಯಲ್ಲಿ ಇವೆರಡೂ ಬೇರೆ ಬೇರೆ ದಿಕ್ಕಿನವು. ಬಾವುಲ ಹಾಡುಗಾರ ಬಹುಮಟ್ಟಿಗೆ ಒಂಟಿ. ಒಂದು ಕೈಯಲ್ಲಿ ಏಕತಾರಿ, ಸೊಂಟಕ್ಕೆ ಕಟ್ಟಿದ ಡುಗ್ಗಿ ಎಂಬ ಪುಟ್ಟ ಚರ್ಮವಾದ್ಯ, ಕಾಲಿಗೆ ಗೆಜ್ಜೆ, ಹೀಗೆ ತನ್ನ ಮೈಯನ್ನೇ ಇಡೀ ಮೇಳವನ್ನಾಗಿ ಮಾಡಿಕೊಂಡು ಅವನು ಕುಣಿಯುತ್ತ ಹಾಡುತ್ತಾನೆ. ಖಮಕ್ ಎಂಬ ವಾದ್ಯವನ್ನು ಕಂಕುಳಲ್ಲಿ ಅವುಚಿಕೊಂಡು ತಂತಿಯನ್ನು ಬಿಗಿಗೊಳಿಸುತ್ತ ಸಡಿಲಿಸುತ್ತ ಮೀಟಿದಾಗ ಹೊರಡುವ ನಾದ ಬಾವುಲ ಹಾಡಿನ ಗುರುತೇ ಆಗಿದೆ. ದನಿ ಎತ್ತರದ್ದು, ಸ್ವರವನ್ನು ಎಳೆದು ಒಮ್ಮೆಲೆ ಬಿಟ್ಟುಬಿಡುವ ಅದರ ಬಗೆ ಪಳಗಿದ ಗಂಟಲನ್ನೇ ಬೇಡುತ್ತದೆ. ತತ್ವಪದವಾದರೋ ಗುಂಪಿನದು. ಕಲಬುರಗಿ, ಯಾದಗಿರಿ ಕಡೆಯ ಊರುಗಳಲ್ಲಿ ಮಠದಲ್ಲೋ ಗುಡಿಯ ಕಟ್ಟೆಯಲ್ಲೋ ರಾತ್ರಿ ಭಜನೆಗೆ ಕೂತಾಗ ಒಬ್ಬರು ಪದ ಎತ್ತುತ್ತಾರೆ, ಉಳಿದವರು ಪಲ್ಲವಿಯನ್ನು ಹಿಡಿಯುತ್ತಾರೆ. ಏಕತಾರಿ, ದಮ್ಮಡಿ, ತಾಳ, ಈಚೆಗೆ ಹಾರ್ಮೋನಿಯಂ ಮತ್ತು ತಬಲಾ ಜೊತೆಗಿರುತ್ತವೆ. ಕಡಕೋಳ ಮಡಿವಾಳಪ್ಪನವರ ಪದಗಳು ಅಲ್ಲಿ ಇನ್ನೂ ಹೀಗೆಯೇ ಬಾಯಿಂದ ಬಾಯಿಗೆ ದಾಟುತ್ತಿವೆ. ತೆಲುಗು ಮತ್ತು ಕನ್ನಡ ಎರಡರಲ್ಲೂ ಹಾಡಿದ ಕೈವಾರ ತಾತಯ್ಯನವರ ಪದಗಳಿಗೆ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಇಂಥದೇ ಭಜನೆಯ ಬಳಕೆಯಿದೆ.

ಆದ್ದರಿಂದ ಕಲಿಯುವ ಉದ್ದೇಶವುಳ್ಳವರಿಗೆ ನಾನು ಯಾವ ಅನುಮಾನವೂ ಇಲ್ಲದೆ ತತ್ವಪದವನ್ನು ಸೂಚಿಸುತ್ತೇನೆ. ಭಜನೆಯ ಸಾಲಿನಲ್ಲಿ ಕೂತವರಿಗೆ ಮೊದಲ ರಾತ್ರಿಯೇ ಪಲ್ಲವಿ ಸಿಗುತ್ತದೆ. ತಾಳ ಕೈಗೆ ಬರುತ್ತದೆ. ಪದದ ಅರ್ಥ ಬಿಚ್ಚಿಕೊಳ್ಳಲು ಅದೇ ಊರಿನ ಹಿರಿಯರು ಇರುತ್ತಾರೆ. ಬಾವುಲ ಹಾಡನ್ನು ಕಲಿಯಬೇಕಾದರೆ ಬಂಗಾಳಿಯನ್ನು ಕಲಿಯಬೇಕು, ಗುರುವನ್ನು ಹುಡುಕಬೇಕು, ಅದಕ್ಕಿಂತ ಮುಖ್ಯವಾಗಿ ಹಾಡು ಆ ಸಾಧನೆಯ ಹೊರಮುಖ ಮಾತ್ರವೆಂಬುದನ್ನು ಒಪ್ಪಿಕೊಳ್ಳಬೇಕು. ಕೇಳುವ ಉದ್ದೇಶ ಮಾತ್ರವಿದ್ದರೆ ಬಾವುಲ ಹಾಡಿಗೆ ಮೊದಲ ಸಾಲಿನ ಜಾಗವಿದೆ. ಬಂಗಾಳಿಯಲ್ಲಿರುವ ಸಂಸ್ಕೃತ ಪದಗಳ ಬಳಕೆಯಿಂದಾಗಿ ಅದರ ಸಾಹಿತ್ಯವನ್ನು ಲಿಪ್ಯಂತರದಲ್ಲಿ ಎದುರಿಗಿಟ್ಟುಕೊಂಡು ಕೇಳುವ ಕನ್ನಡಿಗರಿಗೆ ಅರ್ಧದಷ್ಟಾದರೂ ದಾರಿ ಕಾಣುತ್ತದೆ. ಬಾಂಗ್ಲಾದೇಶದ ಬಾವುಲ ಹಾಡುಗಳನ್ನು ಯುನೆಸ್ಕೊ 2008ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಧ್ವನಿಮುದ್ರಣಗಳ ಕೊರತೆಯಂತೂ ಇಲ್ಲ. ಆದರೆ ಶರೀಫರ ಪದಗಳನ್ನು ನಾವು ಸಿ. ಅಶ್ವತ್ಥ್ ಅವರ ಸುಗಮ ಸಂಗೀತದ ದಾರಿಯಿಂದ ಹೇಗೆ ಕೇಳುತ್ತ ಬಂದಿದ್ದೇವೋ ಹಾಗೆಯೇ ಬಾವುಲ ಹಾಡನ್ನೂ ಇಂದು ಗಿಟಾರು, ಡ್ರಮ್ಮುಗಳ ನಡುವೆ ಕೇಳುವುದೇ ಹೆಚ್ಚಾಗಿದೆ. ಎರಡೂ ಅದರದರ ಮಟ್ಟಿಗೆ ಚೆಂದವೇ. ಪರಂಪರೆಯನ್ನು ಅರಿಯಲು ಹೊರಟವರು ಮಾತ್ರ ಏಕತಾರಿಯೊಂದೇ ಇರುವ ಧ್ವನಿಮುದ್ರಣವನ್ನು ಮೊದಲು ಕೇಳಬೇಕು.

ಮರುಭೂಮಿಯ ವೃತ್ತಿಗಾಯಕರು

ಹಿಂದೂಸ್ಥಾನಿ ಸಂಗೀತದ ಅಭ್ಯಾಸವಿರುವ ಕಿವಿಗೆ ಅತಿ ಸುಲಭವಾಗಿ ಹೊಂದುವುದು ಪಶ್ಚಿಮ ರಾಜಸ್ಥಾನದ ಸಂಗೀತ. ಜೈಸಲ್ಮೇರ್, ಬಾಡ್‌ಮೇರ್, ಜೋಧಪುರ ಜಿಲ್ಲೆಗಳ ಮಾಂಗಣಿಯಾರರು ಮತ್ತು ಲಂಗರು ತಲೆತಲಾಂತರದಿಂದ ಹಾಡನ್ನೇ ಕಸುಬಾಗಿ ಉಳ್ಳ ಮುಸ್ಲಿಂ ಸಮುದಾಯದವರು. ಮಾಂಗಣಿಯಾರರ ಯಜಮಾನರು ಹೆಚ್ಚಾಗಿ ಹಿಂದೂ ರಜಪೂತರು, ಲಂಗರ ಯಜಮಾನರು ಸಿಂಧಿ ಸಿಪಾಯಿ ಮುಸ್ಲಿಮರು. ಯಜಮಾನರ ಮನೆಯಲ್ಲಿ ಮಗು ಹುಟ್ಟಿದಾಗ, ಮದುವೆಯ ಒಂದೊಂದು ಶಾಸ್ತ್ರದಲ್ಲಿ ಏನು ಹಾಡಬೇಕೆಂಬುದು ಗೊತ್ತಾಗಿಯೇ ಇರುತ್ತದೆ. ಆ ಮನೆತನದ ವಂಶಾವಳಿಯನ್ನು ನೆನಪಿನಲ್ಲಿಟ್ಟುಕೊಂಡು ಹೊಗಳಿ ಹಾಡುವುದೂ ಅವರ ಹೊಣೆ. ನಮ್ಮಲ್ಲಿ ಮನೆತನಗಳ ವಂಶಾವಳಿಯನ್ನು ಒಪ್ಪಿಸುವ ಹೆಳವರನ್ನು ಬಲ್ಲವರಿಗೆ ಈ ಸಂಬಂಧ ಹೊಸದೆನಿಸದು. ಹೆಳವರಲ್ಲಿ ಒಕ್ಕಣೆ ಮುಂದಾಗಿದ್ದು ರಾಗ ಹಿಂದಾಗಿದ್ದರೆ, ಮಾಂಗಣಿಯಾರರಲ್ಲಿ ರಾಗವೇ ದೊಡ್ಡದಾಗಿ ಬೆಳೆದಿದೆ ಎಂಬುದಷ್ಟೇ ವ್ಯತ್ಯಾಸ.

ಮಾಂಗಣಿಯಾರರು, ಲಂಗರು ಇವರಿಬ್ಬರಲ್ಲಿ ಯಾರನ್ನು ಮೊದಲು ಕೇಳಬೇಕೆಂದರೆ ವಾದ್ಯದ ಮೇಲೆ ನಿರ್ಧರಿಸಬಹುದು. ಮಾಂಗಣಿಯಾರರದು ಕಮಾಯಚಾ, ಆಡಿನ ಚರ್ಮ ಹೊದಿಸಿದ ದುಂಡನೆಯ ದೊಡ್ಡ ಬುರುಡೆಯ, ಕಮಾನಿನಿಂದ ನುಡಿಸುವ ಈ ವಾದ್ಯದ ನಾದ ತಗ್ಗಿನದು, ಒರಟಾದದ್ದು, ಗಾಯಕನ ಎದೆಯಿಂದಲೇ ಹೊರಟಂತೆ ಇರುವಂಥದು. ಲಂಗರದು ಸಿಂಧಿ ಸಾರಂಗಿ. ಅದು ಹೆಚ್ಚು ತಿಳಿಯಾದ, ಮೇಲಿನ ಸ್ಥಾಯಿಯ ದನಿ. ಕಮಾಯಚಾ ವಾದಕ ಸಾಕರ್ ಖಾನರಿಗೆ 2012ರಲ್ಲಿ ಪದ್ಮಶ್ರೀ ದೊರೆಯಿತು, ಮರುವರ್ಷ ಅವರು ತೀರಿಕೊಂಡರು. ಅವರ ಧ್ವನಿಮುದ್ರಣಗಳಿಂದ ಆರಂಭಿಸಿದವರಿಗೆ ಆಮೇಲೆ ಕೇಳುವುದನ್ನೆಲ್ಲ ಅಳೆಯಲು ಒಂದು ಅಳತೆ ಸಿಕ್ಕಂತಾಗುತ್ತದೆ. ಖರತಾಳವೆಂಬ ಮರದ ಚಿಟಿಕೆಯ ಚುರುಕಿನ ಲಯಕ್ಕೆ ಮರುಳಾಗಿ ವೇಗದ ಹಾಡುಗಳನ್ನೇ ಹುಡುಕುವವರು, ಹಾಡಿಗೆ ಮುನ್ನ ತಾಳವಿಲ್ಲದೆ ಬಿಡಿಬಿಡಿಯಾಗಿ ಹಾಡುವ ದೋಹೆಯನ್ನು ದಾಟಿ ಮುಂದಕ್ಕೆ ಓಡಬಾರದು. ಸೋರಠ, ಮಾಂಡ್‌ನಂಥ ರಾಗಗಳ ಸ್ಥಳೀಯ ರೂಪ ನಿಜವಾಗಿ ಬಿಚ್ಚಿಕೊಳ್ಳುವುದು ಅಲ್ಲಿಯೇ.

ಕಲಿಯುವುದಾದರೆ ಈ ಪರಂಪರೆ ಕಠಿಣ. ಅಲ್ಲಿ ಮಕ್ಕಳು ಮಾತು ಕಲಿಯುವ ವಯಸ್ಸಿಗೇ ಸ್ವರ ಕಲಿಯುತ್ತಾರೆ. ಕಮಾಯಚಾ ಮಾಡುವ ಕುಶಲಕರ್ಮಿಗಳೂ ವಿರಳ. ಹೊರಗಿನವರು ಡೋಲಕ್, ಮೋರ್ಚಂಗ್‌ಗಳನ್ನು ಕಲಿಯಬಹುದೇನೋ, ಆದರೆ ಯಜಮಾನನಿಲ್ಲದ ಮಾಂಗಣಿಯಾರ್ ಹಾಡುಗಾರಿಕೆಗೆ ಅದರ ಸಂದರ್ಭ ಇರುವುದಿಲ್ಲ. ಹೀಗಿದ್ದೂ, ಭಾಷೆಯ ಅರಿವಿಲ್ಲದವರಿಗೂ ಪೂರ್ತಿಯಾಗಿ ದಕ್ಕುವಷ್ಟು ನಾದದ ಪಾಲು ಇದರಲ್ಲಿರುವುದರಿಂದ ಕೇಳುಗರ ಆಯ್ಕೆಯಾಗಿ ಇದಕ್ಕೆ ಸರಿಸಾಟಿ ಕಡಿಮೆ. ಈ ಸಂಗೀತವನ್ನು ಇಷ್ಟು ವ್ಯವಸ್ಥಿತವಾಗಿ ಕೇಳಲು ಇಂದು ಸಾಧ್ಯವಾಗಿರುವುದರ ಹಿಂದೆ ಕೋಮಲ್ ಕೊಠಾರಿಯವರ ಶ್ರಮವಿದೆ. ಅವರೂ ಕಥೆಗಾರ ವಿಜಯದಾನ್ ದೇಥಾ ಅವರೂ 1960ರಲ್ಲಿ ಬೋರುಂದಾ ಗ್ರಾಮದಲ್ಲಿ ಕಟ್ಟಿದ ರೂಪಾಯನ ಸಂಸ್ಥಾನದ ಸಂಗ್ರಹ ಈ ದಾರಿಯಲ್ಲಿ ಹೋಗುವ ಯಾರಿಗೂ ತಪ್ಪಿಸಿಕೊಳ್ಳಬಾರದ ನಿಲುದಾಣ.

ರಾತ್ರಿಯಿಡೀ ನಡೆಯುವ ಕಥೆ

ಹಾಡಿಗಿಂತ ಕಥೆಯ ಮೇಲೆ ಪ್ರೀತಿ ಇರುವವರ ಮುಂದೆ ಇರುವಷ್ಟು ಆಯ್ಕೆಗಳು ಬೇರೆ ಯಾರ ಮುಂದೆಯೂ ಇಲ್ಲ. ಇಲ್ಲಿ ತೂಗಿ ನೋಡಬೇಕಾದದ್ದು ಮುಖ್ಯವಾಗಿ ಎರಡು ಸಂಗತಿಗಳನ್ನು: ಕಥೆ ಮೊದಲೇ ಗೊತ್ತಿರುವುದೋ ಇಲ್ಲವೋ, ಮತ್ತು ಹೇಳುವವರ ಎದುರು ಮಾತು ಕೊಡುವವರು ಹೇಗಿದ್ದಾರೆ.

ಪಂಡವಾನಿಯ ಕಥೆ ಮಹಾಭಾರತದ್ದು, ಅದರ ನಾಯಕ ಭೀಮ. ಗದುಗಿನ ಭಾರತವನ್ನು ಗಮಕದಲ್ಲಿ ಕೇಳಿದವರಿಗೆ, ಯಕ್ಷಗಾನದ ಭೀಮನನ್ನು ಕಂಡವರಿಗೆ ಛತ್ತೀಸಗಢಿ ಬಾರದಿದ್ದರೂ ಪ್ರಸಂಗ ತಪ್ಪುವುದಿಲ್ಲ. ದುಶ್ಶಾಸನ ವಧೆಯ ಭಾಗವನ್ನು ತೀಜನ್ ಬಾಯಿ ಹೇಳುವಾಗ ಅವರ ಕೈಯ ತಂಬೂರ ಒಮ್ಮೆ ಗದೆಯಾಗಿ ಇನ್ನೊಮ್ಮೆ ಬಿಲ್ಲಾಗಿ ಬದಲಾಗುವುದನ್ನು ನೋಡಿದರೆ ಸಾಕು, ಯಾವ ಭಾಷಾಂತರವೂ ಬೇಡ. ಇದರಲ್ಲಿ ಎರಡು ಶಾಖೆಗಳಿವೆ. ವೇದಮತಿ ಶಾಖೆಯವರು ಕೂತು, ಸಬಲ ಸಿಂಹ ಚೌಹಾಣರ ಪದ್ಯಭಾರತದ ಆಧಾರದಲ್ಲಿ ಹೇಳುತ್ತಾರೆ. ಝಾಡೂರಾಮ್ ದೇವಾಂಗನ್ ಈ ಶಾಖೆಯ ಹಿರಿಯರು. ಕಾಪಾಲಿಕ ಶಾಖೆಯವರು ಎದ್ದು ನಿಂತು, ವೇದಿಕೆಯ ತುಂಬ ಓಡಾಡುತ್ತ, ಬಾಯಿಪಾಠದ ಮತ್ತು ಕಲ್ಪನೆಯ ಬಲದಲ್ಲಿ ಕಥೆ ಬೆಳೆಸುತ್ತಾರೆ. ಹೆಂಗಸರು ಕೂತು ಹೇಳುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಎದ್ದು ನಿಂತು ಕಾಪಾಲಿಕದಲ್ಲಿ ಹೇಳಿದ ತೀಜನ್ ಬಾಯಿಯವರಿಗೆ 2019ರಲ್ಲಿ ಪದ್ಮವಿಭೂಷಣ ಸಂದಿತು. ಹೊಸ ಕೇಳುಗರು ಕಾಪಾಲಿಕದಿಂದ ಆರಂಭಿಸಿ ಆಮೇಲೆ ವೇದಮತಿಗೆ ಬರುವುದು ಒಳ್ಳೆಯದು. ಎರಡರಲ್ಲೂ ರಾಗಿ ಎಂಬ ಜೊತೆಗಾರ ಇರುತ್ತಾನೆ. ಅವನು ಹ್ಞೂಂಗುಟ್ಟುತ್ತ, ಪ್ರಶ್ನೆ ಕೇಳುತ್ತ, ಬೆರಗಾಗುತ್ತ ನಮ್ಮೆಲ್ಲರ ಪರವಾಗಿ ಕಥೆ ಕೇಳಿಸಿಕೊಳ್ಳುತ್ತಾನೆ.

ಬುರ್ರಕಥೆಯಲ್ಲಿ ಈ ಜೊತೆಗಾರಿಕೆ ಇನ್ನಷ್ಟು ಬಿಗಿಯಾದದ್ದು. ನಡುವೆ ತಂಬೂರಿ ಹಿಡಿದ ಕಥೆಗಾರ, ಎರಡು ಪಕ್ಕದಲ್ಲಿ ಗುಮ್ಮಟೆಯ ಇಬ್ಬರು. ಅವರಲ್ಲಿ ಒಬ್ಬರು ಹಾಸ್ಯಕ್ಕೆ, ಇನ್ನೊಬ್ಬರು ಲೋಕದ ಆಗುಹೋಗುಗಳನ್ನು ಎಳೆದು ತರುವುದಕ್ಕೆ. ಆಂಧ್ರದಲ್ಲಿ ಷೇಕ್ ನಾಜರ್ ಇದನ್ನು ರಾಜಕೀಯ ಎಚ್ಚರದ ಮಾಧ್ಯಮವನ್ನಾಗಿ ಬೆಳೆಸಿದರು. ನಮ್ಮ ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರು 2014ರಲ್ಲಿ ತೀರಿಕೊಳ್ಳುವವರೆಗೂ ಬುರ್ರಕಥೆಗೆ ಕನ್ನಡ ನಾಡಿನಲ್ಲಿ ಜೀವ ತುಂಬಿದವರು. ಓದು ಬರಹ ಬಾರದ ಅವರ ನೆನಪಿನಲ್ಲಿದ್ದ ಕಾವ್ಯಗಳನ್ನು ವಿದ್ವಾಂಸರು ಬರೆದಿಟ್ಟುಕೊಳ್ಳಬೇಕಾಯಿತು. ಕಥೆಯೊಂದಿಗೆ ಇಂದಿನ ಮಾತೂ ಬೇಕೆನ್ನುವವರಿಗೆ ಬುರ್ರಕಥೆಯೇ ತಕ್ಕದ್ದು. ಕನ್ಯಾಕುಮಾರಿ, ತಿರುನೆಲ್ವೇಲಿ ಕಡೆಯ ವಿಲ್ಲುಪ್ಪಾಟ್ಟಿನಲ್ಲಿ ಗೆಜ್ಜೆ ಕಟ್ಟಿದ ಉದ್ದನೆಯ ಬಿಲ್ಲನ್ನು ಕೋಲಿನಿಂದ ಬಡಿಯುವ ಲಯ, ಉಡುಕ್ಕೈ ಎಂಬ ಪುಟ್ಟ ಡಮರು ಮತ್ತು ಮಡಕೆಯ ನಾದ ಕಿವಿಗೆ ಹಬ್ಬವೇ ಆದರೂ ಅದರ ದೊಡ್ಡ ಕಥೆಗಳು ಅಲ್ಲಿನ ಗ್ರಾಮದೇವತೆಗಳ ಕೊಡೈ ಉತ್ಸವಕ್ಕೆ ಅಂಟಿಕೊಂಡಿವೆ, ಆದ್ದರಿಂದ ತಮಿಳು ಬಲ್ಲವರಿಗೆ ಮಾತ್ರ ಅದನ್ನು ಹೇಳಬಲ್ಲೆ. ಬುಂದೇಲಖಂಡದ ಆಲ್ಹಾ ಮಳೆಗಾಲದ ವೀರಗಾಥೆ. ಮಹೋಬಾದ ಆಲ್ಹಾ, ಊದಲ್ ಸೋದರರ ಕಾಳಗಗಳನ್ನು ಡೋಲಕ್‌ನ ಏರುಲಯದಲ್ಲಿ ಕೇಳುವುದು ಹಿಂದಿ ಬಲ್ಲ ಕನ್ನಡಿಗರಿಗೆ ಕಷ್ಟವಾಗದು.

ಇಷ್ಟೆಲ್ಲ ಇದ್ದರೂ ಕನ್ನಡಿಗರು ಮಂಟೇಸ್ವಾಮಿ ಮತ್ತು ಮಲೆ ಮಾದೇಶ್ವರ ಕಾವ್ಯಗಳನ್ನು ದಾಟಿ ಹೊರಗೆ ಹೋಗುವುದು ನನಗೆ ಸರಿಯೆನಿಸುವುದಿಲ್ಲ. ಎರಡೂ ಹಲವು ರಾತ್ರಿಗಳಿಗೆ ಹರಡುವಷ್ಟು ದೊಡ್ಡ ಕಾವ್ಯಗಳು, ಎರಡೂ ಸಾಲುಗಳಾಗಿ, ಅಂದರೆ ಬಿಡಿ ಕಥಾಭಾಗಗಳಾಗಿ, ಹಂಚಿಕೊಂಡಿವೆ. ಎರಡರಲ್ಲಿ ಯಾವುದು ಮೊದಲೆಂದರೆ, ಮನುಷ್ಯರ ಸಂಸಾರದ ಒಳಗೆ ಇಳಿಯುವ ಕಥೆ ಬೇಕಾದವರು ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲನ್ನು ಹಿಡಿಯಬೇಕು. ಗಂಡನ ಅನುಮಾನ ಹೆಂಡತಿಯನ್ನು ಯಾವ ಮಟ್ಟಕ್ಕೆ ದೂಡುತ್ತದೆ ಎಂಬುದನ್ನು ಅದರಷ್ಟು ನಿಷ್ಠುರವಾಗಿ ಹೇಳುವ ಕಾವ್ಯ ನಮ್ಮಲ್ಲಿ ಕಡಿಮೆ. ವಾದ, ಪರೀಕ್ಷೆ, ಪ್ರತಿಭಟನೆಯ ಬಿಸಿ ಬೇಕಾದವರಿಗೆ ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲು. ಅಲ್ಲಿ ಕೊಳಕು ವೇಷದಲ್ಲಿ ಬಂದ ಮಂಟೇಸ್ವಾಮಿ ಬಸವಣ್ಣನವರ ಕಲ್ಯಾಣವನ್ನೇ ಪರೀಕ್ಷೆಗೆ ಒಡ್ಡುತ್ತಾನೆ. ಸಂಗೀತದ ದೃಷ್ಟಿಯಿಂದ ನೋಡಿದರೆ ಮಾದೇಶ್ವರ ಕಾವ್ಯ ಹಾಡುವ ದೇವರಗುಡ್ಡರ ಕಂಸಾಳೆಯ ಕಂಚಿನ ನಾದ ಚುರುಕಿನದು, ಬೀಸು ಕಂಸಾಳೆಯಲ್ಲಿ ಅದು ಕುಣಿತವೇ ಆಗಿಬಿಡುತ್ತದೆ; ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ತಂಬೂರಿ, ಗಗ್ಗರಗಳ ನಡಿಗೆ ನಿಧಾನದ್ದು, ಹಿಮ್ಮೇಳದ ಸೊಲ್ಲು ಮತ್ತೆ ಮತ್ತೆ ಬಂದು ಕೇಳುಗರನ್ನು ಒಳಗೆಳೆದುಕೊಳ್ಳುತ್ತದೆ. ದೇವರಗುಡ್ಡರಿಗೂ ನೀಲಗಾರರಿಗೂ ದೀಕ್ಷೆಯಿದೆ ಎಂಬುದನ್ನು ಕಲಿಯಲು ಹೊರಟವರು ನೆನಪಿನಲ್ಲಿಟ್ಟುಕೊಳ್ಳಬೇಕು. ದೀಕ್ಷೆ ಇಲ್ಲದವರೂ ಇಂದು ವೇದಿಕೆಗಾಗಿ ಬೀಸು ಕಂಸಾಳೆಯನ್ನು ಕಲಿಯುತ್ತಾರೆ, ಕಲಿಸುವವರೂ ಇದ್ದಾರೆ; ಅದು ಕುಣಿತದ ಕಲಿಕೆ, ಕಾವ್ಯದ ಕಲಿಕೆಯಲ್ಲ.

ಕೆಲಸದ ಹಾಡು, ಹೆಂಗಸರ ಹಾಡು

ಸಂಗೀತದ ಅಭ್ಯಾಸವೇ ಇಲ್ಲದ, ಆದರೂ ತಾವೇ ಹಾಡಬೇಕೆಂಬ ಆಸೆ ಇರುವವರಿಗೆ ನಾನು ಮೊದಲು ತೋರಿಸುವುದು ಈ ಕಡೆಗೆ. ಬೀಸುವ, ಕುಟ್ಟುವ, ನಾಟಿ ಮಾಡುವ, ತೊಟ್ಟಿಲು ತೂಗುವ ಹಾಡುಗಳ ಸ್ವರವ್ಯಾಪ್ತಿ ಸಾಮಾನ್ಯವಾಗಿ ನಾಲ್ಕೈದು ಸ್ವರಗಳಷ್ಟೇ; ಉಸಿರಿನ ಅಳತೆ ಕೈಕೆಲಸದ ಅಳತೆಯನ್ನು ಹಿಡಿದು ಹೋಗುತ್ತದೆ; ಒಬ್ಬರು ತಪ್ಪಿದರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಸರಳವೆಂದು ಇದನ್ನು ಕೀಳಾಗಿ ಕಾಣುವವರಿದ್ದಾರೆ. ಮೂರೇ ಸಾಲಿನ ತ್ರಿಪದಿಯೊಳಗೆ ತವರಿನ ಇಡೀ ಹಂಬಲವನ್ನು ಹಿಡಿದಿಟ್ಟ ಗರತಿಯರಿಗೆ ಸರಿಗಟ್ಟಲು ಎಷ್ಟು ಮಂದಿ ಕವಿಗಳಿಗೆ ಸಾಧ್ಯವಾಗಿದೆ ಎಂದು ಅವರನ್ನು ಕೇಳಬೇಕು.

ಇಲ್ಲಿ ಕನ್ನಡದ ಬೀಸುವ ಪದ ಮತ್ತು ಮರಾಠಿಯ ಬೀಸುಕಲ್ಲಿನ ಓವಿ ಅಕ್ಕತಂಗಿಯರು. ಧ್ವನಿಮುದ್ರಣ ಮತ್ತು ದಾಖಲೆಯ ವಿಷಯದಲ್ಲಿ ಮರಾಠಿ ಬಹಳ ಮುಂದಿದೆ: ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವೆಂ ಅವರ ಮುಂದಾಳತ್ವದಲ್ಲಿ ಮಹಾರಾಷ್ಟ್ರದ ಹಳ್ಳಿಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಓವಿಗಳು ಸಂಗ್ರಹವಾಗಿವೆ, ಅವನ್ನು ಪರಿ ಎಂಬ ಗ್ರಾಮೀಣ ಭಾರತದ ಜನದನಿಯ ಜಾಲತಾಣ ಹಾಡಿದವರ ಹೆಸರು, ಊರುಗಳೊಂದಿಗೆ ಪ್ರಕಟಿಸುತ್ತಿದೆ. ಮುದ್ರಿತ ಸಂಗ್ರಹದ ವಿಷಯದಲ್ಲಿ ಹಲಸಂಗಿ ಗೆಳೆಯರ ಕಾಲದಿಂದ ಕನ್ನಡವೇನೂ ಬಡವಾಗಿಲ್ಲ. ಆದರೆ ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೆ ಪದ ಉಳಿದರೂ ಧಾಟಿ ಅಳಿಯುತ್ತ ಬಂದಿದೆ. ಆದ್ದರಿಂದ ಮಾತನ್ನು ಕನ್ನಡದ ಸಂಗ್ರಹಗಳಿಂದ, ಕಲ್ಲಿನ ಲಯ ಹಾಡಿನ ಲಯವನ್ನು ಹೇಗೆ ಹಿಡಿದಿರುತ್ತದೆಂಬುದನ್ನು ಮರಾಠಿ ಧ್ವನಿಮುದ್ರಣಗಳಿಂದ ಅರಿಯುವುದು ಒಂದು ಒಳ್ಳೆಯ ದಾರಿ. ಮನೆಯಲ್ಲಿಯೋ ನೆಂಟರಲ್ಲಿಯೋ ಸೋಬಾನೆ ಬಲ್ಲ ಅಜ್ಜಿಯೊಬ್ಬರಿದ್ದರೆ ಇವೆರಡಕ್ಕಿಂತ ಮೊದಲು ಅವರ ಬಳಿ ಕೂರಬೇಕು. ಅಂಕೋಲದ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಹೊರಜಗತ್ತಿಗೆ ತಿಳಿದದ್ದು ಅವರೊಬ್ಬರ ಹೆಸರು. ಅವರಂತೆಯೇ ನೂರಾರು ಹಾಡು ಬಲ್ಲ ಹೆಂಗಸರು ನಾಡಿನ ಎಲ್ಲ ಕಡೆ ಇದ್ದಾರೆ.

ಒಂದೇ ಹಾಡನ್ನು ಬೇರೆ ಬೇರೆ ಶ್ರುತಿಸ್ಥಾನಗಳಲ್ಲಿ ಹಲವು ದನಿಗಳು ಏಕಕಾಲಕ್ಕೆ ಹಾಡುವುದು ಭಾರತದ ಹೆಚ್ಚಿನ ಭಾಗದಲ್ಲಿ ಅಪರೂಪ. ಅದರ ಸವಿ ಬೇಕಾದವರು ನಾಗಾಲ್ಯಾಂಡಿನ ಫೇಕ್ ಜಿಲ್ಲೆಯ ಚೋಕ್ರಿ ನಾಗಾ ಜನರ ಲೀ ಹಾಡುಗಳನ್ನು ಕೇಳಬೇಕು. ಗುಡ್ಡದ ಮೆಟ್ಟಿಲುಗದ್ದೆಗಳಲ್ಲಿ ಕೆಲಸ ಮಾಡುತ್ತ ಗಂಡಸರೂ ಹೆಂಗಸರೂ ಒಂದು ದನಿಯ ಮೇಲೆ ಇನ್ನೊಂದನ್ನು ಕಟ್ಟುತ್ತ ಹೋಗುವ ಆ ಹಾಡಿಕೆಯಲ್ಲಿ ಸಾಹಿತ್ಯ ತಿಳಿಯದ ಕೊರತೆ ಬಹುಬೇಗ ಮರೆತುಹೋಗುತ್ತದೆ.

ಹಬ್ಬದ ಹಾಡು, ಸ್ಪರ್ಧೆಯ ಹಾಡು

ಬಿಹು, ಗರ್ಬಾ, ಪಂಜಾಬಿನ ಬೋಲಿಗಳ ವಿಷಯದಲ್ಲಿ ಹೆಚ್ಚು ವಿವರ ಬೇಕಿಲ್ಲ. ಇವು ಗುಂಪಿನ ಕುಣಿತದೊಂದಿಗೆ ಬೆಸೆದುಕೊಂಡಿರುವುದರಿಂದ ಕೂತು ಕೇಳುವುದಕ್ಕಿಂತ ಸೇರಿಕೊಳ್ಳುವುದಕ್ಕೆ ಹೇಳಿ ಮಾಡಿಸಿದಂಥವು. ಎಮ್ಮೆಕೋಡಿನ ಪೆಪಾ ಮತ್ತು ಬಿದಿರಿನ ಗಗನಾದ ನಾದಕ್ಕಾಗಿ ಬೊಹಾಗ್ ಬಿಹುವನ್ನು ನಾನು ಉಳಿದೆರಡಕ್ಕಿಂತ ಮೇಲೆ ಇಡುತ್ತೇನೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಗರ್ಬಾದಲ್ಲಿ ಮೈದಾನದ ಧ್ವನಿವರ್ಧಕದ ರೂಪಕ್ಕಿಂತ ಕೇರಿಯ ಹೆಂಗಸರು ಚಪ್ಪಾಳೆಯೊಂದಿಗೆ ಎತ್ತಿ ಹಿಡಿದು ಹಾಡುವ ಹಳೆಯ ರೂಪ ಸಂಗೀತಪ್ರಿಯರಿಗೆ ಹೆಚ್ಚು ಒಗ್ಗುತ್ತದೆ. ಪಂಜಾಬಿನಲ್ಲಿ ಭಾಂಗ್ಡಾದ ಆಚೆಗೆ ನೋಡಬಯಸುವವರು ಢಡ್ ಎಂಬ ಪುಟ್ಟ ಚರ್ಮವಾದ್ಯ ಮತ್ತು ಸಾರಂಗಿಯೊಂದಿಗೆ ವೀರಗಾಥೆಗಳನ್ನು ಎತ್ತರದ ದನಿಯಲ್ಲಿ ಹಾಡುವ ಢಾಡಿ ತಂಡಗಳನ್ನು ಕೇಳಬೇಕು.

ವಾದಪ್ರಿಯರಿಗೆ ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಇದೆ. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ ದಪ್ಪು, ತುಂತುಣಿ, ತಾಳಗಳೊಂದಿಗೆ ಬೆಳಗಾಗುವವರೆಗೆ ಸವಾಲು ಜವಾಬು ನಡೆಸುವ ಈ ಗೀಗೀ ಮೇಳಗಳ ಎದುರು ಮರಾಠಿ ಶಾಹಿರರ ಪೋವಾಡ ಹೆಚ್ಚು ಏಕಮುಖವಾಗಿ ತೋರುತ್ತದೆ. ಪೋವಾಡದ ಬಲವಿರುವುದು ಇತಿಹಾಸದ ಒಂದು ಪ್ರಸಂಗವನ್ನು ಏರುದನಿಯಲ್ಲಿ ಕಣ್ಣಿಗೆ ಕಟ್ಟುವುದರಲ್ಲಿ. ವಾದ್ಯಗಳು ಬಹುಪಾಲು ಒಂದೇ ಆದುದರಿಂದ ಒಂದನ್ನು ಬಲ್ಲವರಿಗೆ ಇನ್ನೊಂದರ ಲಯ ಹೊರೆಯಾಗದು.

ಕಲಿಕೆಗೆಂದು ಆಯ್ದುಕೊಳ್ಳಬಾರದಂಥವು

ಉತ್ತರಾಖಂಡದ ಜಾಗರ್, ಕೇರಳದ ನಾಗಾರಾಧನೆಯ ಪುಳ್ಳುವನ್ ಪಾಟ್ಟು, ಯಲ್ಲಮ್ಮನ ಚೌಡಿಕೆ, ತುಳುನಾಡಿನ ನೇಮದ ಪಾಡ್ದನಗಳಲ್ಲಿ ಹಾಡು ದೈವವನ್ನು ಕರೆಯುವ ಕೆಲಸ ಮಾಡುತ್ತದೆ. ಯಾರು, ಎಲ್ಲಿ, ಯಾವ ಹೊತ್ತಿಗೆ ಹಾಡಬೇಕೆಂಬ ಕಟ್ಟು ಅಲ್ಲಿ ಸಂಗೀತದಷ್ಟೇ ಮುಖ್ಯ. ಇವನ್ನು ವೇದಿಕೆಯಲ್ಲಿ ಹಾಡುವ ಕಲಾವಿದರು ಆ ಸಮುದಾಯಗಳಲ್ಲಿಯೇ ಇದ್ದಾರೆ, ಅದು ಅವರ ನಿರ್ಧಾರ. ಹೊರಗಿನವರು ಧಾಟಿ ಹಿಡಿಸಿತೆಂದು ಎತ್ತಿಕೊಂಡು ಹಾಡುವುದು ಸಲ್ಲದೆಂದೇ ನಾನು ತಿಳಿದಿದ್ದೇನೆ. ಓದಿ, ಕೇಳಿ ಅರಿಯಲು ಮಾತ್ರ ಯಾವ ಅಡ್ಡಿಯೂ ಇಲ್ಲ. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹಾಂಕೊ, ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಜೊತೆಗೂಡಿ ದಾಖಲಿಸಿದ್ದಾರೆ. 1998ರಲ್ಲಿ ಪ್ರಕಟವಾದ ಅದು 15,683 ಸಾಲುಗಳ ಮಹಾಕಾವ್ಯ. ಒಬ್ಬರ ನೆನಪಿನಲ್ಲಿ ಇಷ್ಟು ದೊಡ್ಡ ಕಾವ್ಯ ಇರಬಲ್ಲದೆಂಬುದನ್ನು ನಂಬಲು ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಪಾಡ್ದನದ್ದೇ ಇನ್ನೊಂದು ಮುಖವಾದ ನಾಟಿಗದ್ದೆಯ ಹಾಡು ಇಂಥ ಕಟ್ಟಿಗೆ ಒಳಪಟ್ಟದ್ದಲ್ಲ. ತುಳು ಬಲ್ಲವರು ಅಲ್ಲಿಂದ ಪ್ರವೇಶಿಸಬಹುದು. ಕೊಡಗಿನ ದುಡಿ ಕೊಟ್ಟ್ ಪಾಟ್ ಇವೆರಡರ ನಡುವಿನದು. ನಾಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪಟ್ಟೋಲೆ ಪಳಮೆಯಲ್ಲಿ ಆ ಹಾಡುಗಳನ್ನು ಬರೆದಿಟ್ಟದ್ದರಿಂದ ಪಠ್ಯ ಕೈಗೆ ಸಿಗುತ್ತದೆ. ಆದರೆ ಕೊಡವ ಭಾಷೆಯಿಲ್ಲದೆ, ಪುತ್ತರಿ ಎಂಬ ಸುಗ್ಗಿಹಬ್ಬಕ್ಕೆ ಊರು ಸೇರುವ ಮಂದ್ ಎಂಬ ಬಯಲಿಲ್ಲದೆ ಅದನ್ನು ಹಾಡುವುದರಲ್ಲಿ ಅರ್ಥವಿಲ್ಲ.

ಧ್ವನಿಮುದ್ರಣ, ಸಂಗ್ರಹಾಲಯ, ಜಾತ್ರೆ

ಪರಂಪರೆ ಯಾವುದೆಂದು ನಿಶ್ಚಯವಾದ ಮೇಲೆ ಧ್ವನಿಮುದ್ರಣದ ಆಯ್ಕೆಯಲ್ಲಿ ಎಡವುವ ಸಂಭವವಿದೆ. ಕಥನಪರಂಪರೆಗಳಲ್ಲಿ ಐದಾರು ನಿಮಿಷದ ತುಣುಕುಗಳನ್ನು ಎಷ್ಟು ಕೇಳಿದರೂ ಏನೂ ಕೇಳಿದಂತಾಗುವುದಿಲ್ಲ. ಒಂದು ಸಾಲನ್ನಾದರೂ ಪೂರ್ತಿಯಾಗಿ ಕೇಳಬೇಕು. ಹಾಡಿದವರ ಹೆಸರು, ಊರು, ಸಂದರ್ಭ ನಮೂದಾಗಿರುವ ಧ್ವನಿಮುದ್ರಣವನ್ನು, ನಾದ ಸ್ವಲ್ಪ ಮಸುಕಾಗಿದ್ದರೂ, ಕೀಬೋರ್ಡ್ ತುಂಬಿಸಿ ತಿಕ್ಕಿ ತೊಳೆದ ಧ್ವನಿಮುದ್ರಣಕ್ಕಿಂತ ಮೊದಲು ಆರಿಸಬೇಕು. 1982ರಲ್ಲಿ ಪುಣೆಯಲ್ಲಿ ಆರಂಭವಾಗಿ ಈಗ ಗುರುಗ್ರಾಮದಲ್ಲಿರುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಜನಾಂಗಸಂಗೀತ ಸಂಗ್ರಹ, ಉಡುಪಿಯ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ, ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇವು ನೆಚ್ಚಬಹುದಾದ ಕಡೆಗಳು. ಕಲಾವಿದರನ್ನು ನೇರವಾಗಿ ಕಂಡು ಧ್ವನಿಮುದ್ರಿಸಿಕೊಳ್ಳುವವರು ಮೊದಲು ಒಪ್ಪಿಗೆ ಕೇಳಬೇಕು, ಸಂಭಾವನೆಯನ್ನು ಮೊದಲೇ ಮಾತಾಡಿಕೊಳ್ಳಬೇಕು, ಅದನ್ನು ಜಾಲದಲ್ಲಿ ಹಾಕುವುದಕ್ಕೆ ಬೇರೆಯೇ ಒಪ್ಪಿಗೆ ಪಡೆಯಬೇಕು.

ಹಾಡನ್ನು ಅದರ ನೆಲೆಯಲ್ಲೇ ಕೇಳಬಯಸುವವರು ಕಾಲವನ್ನೂ ಲೆಕ್ಕ ಹಾಕಿಕೊಳ್ಳಬೇಕು. ಜೋಧಪುರದ ಮೆಹರಾನಗಢ ಕೋಟೆಯ ಜನಪದ ಸಂಗೀತೋತ್ಸವ ಶರತ್ಕಾಲದ ಹುಣ್ಣಿಮೆಯ ಸುತ್ತ ನಡೆಯುತ್ತದೆ. ಅದು ವೇದಿಕೆಯ ಅನುಭವ, ಊರಿನದಲ್ಲ. ಬೀರಭೂಮ್ ಜಿಲ್ಲೆಯ ಅಜಯ್ ನದಿಯ ದಡದ ಜಯದೇವ ಕೆಂದುಲಿಯಲ್ಲಿ ಬಾವುಲರು ಸೇರುವುದು ಮಕರ ಸಂಕ್ರಾಂತಿಗೆ. ನೀಲಗಾರರು ಸೇರುವ ಚಿಕ್ಕಲ್ಲೂರು ಜಾತ್ರೆಯೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ಜನವರಿಯ ಸುಮಾರಿನ ಹುಣ್ಣಿಮೆಗೆ ಆರಂಭವಾಗುತ್ತದೆ. ಈ ಎರಡರಲ್ಲಿ ಒಂದಕ್ಕೆ ಮಾತ್ರ ಹೋಗಲು ಸಾಧ್ಯವಿರುವ ಕನ್ನಡಿಗರಿಗೆ ನಾನು ಚಿಕ್ಕಲ್ಲೂರನ್ನೇ ಹೇಳುತ್ತೇನೆ, ಏಕೆಂದರೆ ಅಲ್ಲಿ ಸೊಲ್ಲಿಗೆ ದನಿಗೂಡಿಸಲು ಬೇಕಾದ ಭಾಷೆ ಅವರ ಬಾಯಲ್ಲಿ ಆಗಲೇ ಇದೆ. ಕೆಂದುಲಿಗೆ ಮುಂದಿನ ವರ್ಷ, ಲಾಲನ್ನರ ಹತ್ತಾರು ಪದಗಳ ಅರ್ಥವನ್ನು ಬಿಡಿಸಿಕೊಂಡ ಮೇಲೆ ಹೋಗಬಹುದು.